ಎಲೆಯಿಲ್ಲದ ಗಿಡದ ಬೇರು

ಗೊಲ್ಲಾಳಪ್ಪ ವಿಜಾಪುರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಊರ ಹೊರಗೆ, ತೊರವಿ ರಸ್ತೆಯ ಪಕ್ಕದಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿ, ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಹೆಂಡತಿ ಚಂದ್ರಾಬಾಯಿಯನ್ನೂ ತಾಯಿ ಸೀತವ್ವನನ್ನೂ ಕರೆದುಕೊಂಡು ಅಲ್ಲಿಗೆ ಬಂದ. ಆಗ ಸುತ್ತಲೂ ಮನೆಗಳು ಹೆಚ್ಚಿರಲಿಲ್ಲ. ಹಿಂದುಗಡೆ ಮಲಕಾಜಪ್ಪನೆಂಬ ರೈತನ ಹೊಲ, ಅದರಾಚೆ ಬಯಲು.

ಚಂದ್ರಾಬಾಯಿಗೆ ಮನೆಗಿಂತ ಹಿತ್ತಲಿನ ಮೇಲೆಯೇ ಹೆಚ್ಚು ಜೀವ. ಅವಳ ತವರು ಬಬಲೇಶ್ವರ. ಅಪ್ಪ ಅಲ್ಲಿ ಬೇರೆಯವರ ಹೂವಿನ ತೋಟದಲ್ಲಿ ಆಳು. ಚಿಕ್ಕಂದಿನಿಂದ ಅವಳು ಬೆಳಗಾದರೆ ಉಡಿ ತುಂಬ ಹೂ ಬಿಡಿಸಿದವಳು, ಒಂದು ಹೂವೂ ತನ್ನದಲ್ಲ. ಈಗ ಗೋಡೆಯಿಂದ ಬೇಲಿಯವರೆಗಿನ ನೆಲ ತನ್ನದು. ಮಲ್ಲಿಗೆ ಹಚ್ಚಿದಳು, ಸೇವಂತಿಗೆ ಹಚ್ಚಿದಳು, ಬೇಲಿಗುಂಟ ನುಗ್ಗೆಯ ಟೊಂಗೆ ನೆಟ್ಟಳು. ಮೈತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲವನ್ನೂ ಆ ಗಿಡಗಳಿಗೇ ಹೊತ್ತಳು.

ಮುಂದಿನ ಬೇಸಿಗೆಯಲ್ಲಿ ಮಲ್ಲಿಗೆಯ ಎಲೆಗಳು ಸುಟ್ಟು ಉದುರುತ್ತಿದ್ದಾಗ, ಅಡಿಗೆಮನೆಯ ಗೋಡೆಯ ಹಿಂದೆ, ಅವಳು ಒಂದು ತಂಬಿಗೆ ನೀರನ್ನೂ ಹಾಕಿರದ ಜಾಗದಲ್ಲಿ, ಹಸಿರು ಕಡ್ಡಿಗಳು ಮೇಲೆದ್ದವು. ಎಲೆ ಇಲ್ಲ, ಮುಳ್ಳಿಲ್ಲ. ಗೆಣ್ಣು ಗೆಣ್ಣಾದ ಬರೀ ಕಡ್ಡಿ. ಗೆಣ್ಣಿನಲ್ಲಿ ಎಳೆದರೆ ಟಕ್ಕನೆ ಬಿಚ್ಚಿಕೊಳ್ಳುತ್ತಿತ್ತು, ಒಳಗೆ ಟೊಳ್ಳು.

“ಅತ್ತಿ, ಇಲ್ಲಿ ಬರ್ರಿ. ಇದೇನ್ ಗಿಡಾರಿ?” ಎಂದಳು.

ಸೀತವ್ವ ತಿಕೋಟಾ ಕಡೆಯವಳು. ಬಗ್ಗಿ ಒಂದು ಕಡ್ಡಿ ಕಿತ್ತು ಬೆರಳಿನಲ್ಲಿ ಉಜ್ಜಿ ನೋಡಿದಳು. “ನಮ್ಮೂರ ಹಳ್ಳದ ದಂಡ್ಯಾಗ ಇರ್ತಿತ್ತು ಬೇ ಇದು. ಹೆಸರ್ ಏನಂತ ಯಾರಿಗೆ ಗೊತ್ತು. ಹೂ ಬಿಡೂದಿಲ್ಲ, ಕಾಯಿ ಬಿಡೂದಿಲ್ಲ. ಹಿತ್ತಾಳಿ ಕೊಡ ತಿಕ್ಕಾಕ ಚಲೋ ಆಕ್ಕೈತಿ, ನೋಡು.”

ಅದು ನಿಜವೇ ಆಯಿತು. ಒಂದು ಹಿಡಿ ಕಡ್ಡಿ ಮುದ್ದೆ ಮಾಡಿ ತಿಕ್ಕಿದರೆ ಕೊಡ ಬಂಗಾರದಂತೆ ಹೊಳೆಯಿತು. ಕಡ್ಡಿಯ ಮೈಯೇ ಉಸುಕಿನ ಹಾಗೆ ಒರಟು. ಹಳ್ಳದ ದಂಡೆಯ ಗಿಡ ಈ ಒಣ ಗರಸು ಮಣ್ಣಿನಲ್ಲಿ ಏಕೆ ಬಂತು ಎಂದು ಅತ್ತೆಯೂ ಯೋಚಿಸಲಿಲ್ಲ, ಸೊಸೆಯೂ ಯೋಚಿಸಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಿತ್ತಲನ್ನೇ ನುಂಗುತ್ತ ಬಂತು. ಸೇವಂತಿಗೆಯ ಮಡಿಯಲ್ಲಿ ತಲೆ ಎತ್ತಿತು, ಮಲ್ಲಿಗೆಯ ಬುಡವನ್ನು ಸುತ್ತುವರಿಯಿತು. ಚಂದ್ರಾಬಾಯಿ ಕಿತ್ತಳು. ಕಿತ್ತಲ್ಲಿ ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ. ಕಳೆ ಕೀಳುವ ಕುರ್ಚಿಗೆಯಿಂದ ನೆಲ ಕೆದರಿ ಬೇರು ಕತ್ತರಿಸಿದಳು. ಮಣ್ಣಿನಲ್ಲಿ ಉಳಿದ ತುಂಡು ತುಂಡೂ ಒಂದೊಂದು ಗಿಡವಾಯಿತು. ಉಪ್ಪು ಸುರಿದಳು, ಬಿಸಿನೀರು ಹೊಯ್ದಳು. ಹತ್ತಿರದ ಸೇವಂತಿಗೆ ಸತ್ತಿತು, ಕಡ್ಡಿ ಸಾಯಲಿಲ್ಲ. ಒಂದು ದಿನ ಅವಳು ಕಿತ್ತ ಕಡ್ಡಿಗಳ ರಾಶಿಯ ಮುಂದೆ ಕುಳಿತು ಅತ್ತೇಬಿಟ್ಟಳು. ಕೆಲಸದಿಂದ ಬಂದ ಗೊಲ್ಲಾಳಪ್ಪನಿಗೆ ಮೊದಲು ನಗು ಬಂತು, ಆಮೇಲೆ ಪಾಪ ಎನಿಸಿತು.

“ಮ್ಯಾಲ ಮ್ಯಾಲ ಕಿತ್ತರ ಹೆಂಗ್ ಸಾಯ್ತದ ಅದು? ಬುಡಕ್ಕ ಹೋಗಬೇಕು. ಐತವಾರ ಬಾಬುನ್ನ ಕರೀತೇನಿ, ಇಬ್ಬರೂ ಕೂಡಿ ಅಗದು ತಗದುಬಿಡ್ತೇವಿ,” ಎಂದ.

ಬಾಬು ಅವನ ತಮ್ಮ, ಇಟ್ಟಂಗಿಹಾಳದಲ್ಲಿ ಗೌಂಡಿ ಕೆಲಸ ಮಾಡಿಕೊಂಡಿದ್ದ. ಐತವಾರ ಬೆಳಿಗ್ಗೆ ರೊಟ್ಟಿ ತಿಂದು ಅಣ್ಣತಮ್ಮ ಇಬ್ಬರೂ ಗುದ್ದಲಿ ಹಿಡಿದರು. ಚಂದ್ರಾಬಾಯಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಬೇಲಿಯ ಹತ್ತಿರ ಸುರಿದಳು. ಮೊಳಕಾಲುದ್ದ ಅಗೆದರು. ಬೇರು ಇತ್ತು, ಕಪ್ಪಗೆ, ದಾರದಂತೆ, ನೆಟ್ಟಗೆ ಕೆಳಗೆ ಇಳಿದಿತ್ತು. ಸೊಂಟದುದ್ದ ಅಗೆದರು. ಬೇರು ಇನ್ನೂ ಇಳಿದೇ ಇತ್ತು. ಬಾಬು ಮೇಲೆ ಹತ್ತಿ ಬೆವರು ಒರೆಸಿಕೊಂಡ. ಗೊಲ್ಲಾಳಪ್ಪ ಕುಣಿಯೊಳಗೇ ಉಳಿದ. ಎದೆಮಟ್ಟಕ್ಕೆ ಇಳಿದಾಗ ಅವನ ಕೈಗೆ ಹಸಿ ಮಣ್ಣು ಹತ್ತಿತು.

“ಇಲ್ನೋಡ್ ಬಾಬು, ಗರಸು ಎಷ್ಟು ತಂಪೈತಿ,” ಎಂದು ಒಂದು ಹಿಡಿ ಮಣ್ಣು ಮೇಲಕ್ಕೆತ್ತಿ ತೋರಿಸಿದ. “ಬೇರಿಗೆ ತುದೀನ ಇಲ್ಲೋ ಮಾರಾಯ.”

ಮತ್ತೆ ಗುದ್ದಲಿ ಎತ್ತಿ ಹೊಡೆದ. ಚಂದ್ರಾಬಾಯಿ ಖಾಲಿ ಬುಟ್ಟಿ ಹಿಡಿದು ಕುಣಿಯ ಕಡೆಗೇ ಬರುತ್ತಿದ್ದಳು. ಗಂಡನ ತಲೆ, ಹೆಗಲು ಅವಳಿಗೆ ಕಾಣುತ್ತಿದ್ದವು. ಮರುಕ್ಷಣ ಕಾಣಲಿಲ್ಲ. ದೊಡ್ಡ ಸದ್ದೇನೂ ಆಗಲಿಲ್ಲ. ಚೀಲದಿಂದ ಜೋಳ ಸುರಿದಂಥ ಒಂದು ಸದ್ದು, ನಂತರ ಎಲ್ಲೋ ಕೆಳಗೆ ದೊಪ್ಪೆಂದದ್ದು, ಅದರ ಹಿಂದೆಯೇ ಕುಣಿಯ ಎರಡು ಬದಿಯ ಮಣ್ಣು ಕುಸಿದು ಬಿದ್ದದ್ದು. ಅವಳು ಅಂಚಿಗೆ ಬಂದು ನೋಡಿದಾಗ ಅಲ್ಲಿ ಗಂಡನಿರಲಿಲ್ಲ, ಗುದ್ದಲಿಯೂ ಇರಲಿಲ್ಲ. ಹಸಿ ಮಣ್ಣು ತುಂಬಿದ ಒಂದು ತಗ್ಗು, ಅಷ್ಟೇ.

ಬಾಬು ನಿಂತಲ್ಲೇ ನಿಂತಿದ್ದ. ಚಂದ್ರಾಬಾಯಿ ಕೂಗಲಿಲ್ಲ. ಬುಟ್ಟಿಯನ್ನು ನೆಟ್ಟಗೆ ನೆಲದ ಮೇಲಿಟ್ಟಳು. ಯಾಕೆ ಹಾಗೆ ಜೋಪಾನವಾಗಿ ಇಟ್ಟಳೋ ಅವಳಿಗೇ ತಿಳಿಯದು. ಆಮೇಲೆ ತಗ್ಗಿಗೆ ಜಿಗಿದು ಎರಡೂ ಕೈಯಿಂದ ಮಣ್ಣು ಬಾಚತೊಡಗಿದಳು. ಬಾಚಿದಷ್ಟೂ ಬದಿಯಿಂದ ಜಾರಿ ಬರುತ್ತಿತ್ತು. ಬಾಬು ಎಚ್ಚೆತ್ತವನಂತೆ ಓಡಿಬಂದು ಅವಳ ರಟ್ಟೆ ಹಿಡಿದ.

“ವೈನಿ, ಮ್ಯಾಲ ಬರ್ರಿ. ನೀವೂ ಹೋಗ್ತೀರಿ. ಬರ್ರಿ ಮ್ಯಾಲ.”

ಅವನು ಅವಳನ್ನು ಎಳೆದು ಹೊರಗೆ ಹಾಕಿದ. ಆಗ ಅವಳ ಗಂಟಲು ಬಿಚ್ಚಿತು. ಮದುವೆಯಾದಂದಿನಿಂದ ಒಮ್ಮೆಯೂ ಗಂಡನ ಹೆಸರು ಹಿಡಿಯದಿದ್ದವಳು, ಯಾರಾದರೂ ಕೇಳಿದರೆ ‘ಡಿಪೋದಾಗ ಇರ್ತಾರಲ್ಲ, ಅವರು’ ಎಂದು ತಲೆ ತಗ್ಗಿಸುತ್ತಿದ್ದವಳು, ಹಿತ್ತಲಿನ ನಡುವೆ ನಿಂತು “ಗೊಲ್ಲಾಳಪ್ಪಾ, ಗೊಲ್ಲಾಳಪ್ಪಾ” ಎಂದು ಕೂಗಿದಳು. ಒಳಗೆ ಜೋಳ ಹಸನು ಮಾಡುತ್ತಿದ್ದ ಸೀತವ್ವ ಮೊರ ಕೈಯಲ್ಲೇ ಹಿಡಿದು ಹೊರಬಂದಳು. ಸೊಸೆಯ ಮುಖ ನೋಡಿದಳು, ತಗ್ಗು ನೋಡಿದಳು, ಬಾಗಿಲಲ್ಲೇ ಕುಸಿದಳು.

ಕೂಗು ಕೇಳಿ ಹೊಲದಿಂದ ಮಲಕಾಜಪ್ಪ ಬಾವಿಯ ಹಗ್ಗ ಹೆಗಲಿಗೆ ಹಾಕಿಕೊಂಡು ಓಡಿಬಂದ. ಅಷ್ಟು ದಿನ ನೆರೆಯಲ್ಲಿದ್ದರೂ ಇವರ ಬೇಲಿಯ ಒಳಗೆ ಕಾಲಿಟ್ಟಿದ್ದವನಲ್ಲ. ಹಗ್ಗ ಹಿಡಿದು ತಗ್ಗಿನ ಮುಂದೆ ನಿಂತ. ಹಗ್ಗ ಇಳಿಸಲು ತೆರೆದ ಬಾಯಿಯೇ ಇರಲಿಲ್ಲ.

“ಎಷ್ಟೊತ್ತಾತು?” ಎಂದು ಮೆಲ್ಲಗೆ ಕೇಳಿದ. ಬಾಬು ತಲೆ ಅಲ್ಲಾಡಿಸಿದ. ಮಲಕಾಜಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದನ್ನು ನೋಡಿದ ಚಂದ್ರಾಬಾಯಿಗೆ ಅವನು ಏನು ತಿಳಿದನೆಂಬುದು ಅರ್ಥವಾಯಿತು. ಆದರೂ ಕೂಗುವುದನ್ನು ಬಿಡಲಿಲ್ಲ.

ಆಗ ಮಲಕಾಜಪ್ಪನ ಹೊಲದ ಕಡೆಯಿಂದ ದನಿ ಬಂತು.

ಮೊದಲು ಯಾರೂ ನಂಬಲಿಲ್ಲ. ದನಿ ಸಣ್ಣದಾಗಿ, ಕೊಡದೊಳಗಿಂದ ಬಂದಂತಿತ್ತು. “ಏ ಬಾಬು, ಇಲ್ಲಿದ್ದೇನಿ,” ಎಂದಿತು. ಸತ್ತವನು ಹೊಲದಲ್ಲಿ ನಿಂತು ಕರೆಯುತ್ತಿದ್ದಾನೆಂದೇ ಬಾಬುವಿಗೆ ಅನಿಸಿತಂತೆ.

“ಹಾಳ ಬಾವಿ,” ಎಂದ ಮಲಕಾಜಪ್ಪ. ಓಡಿದ.

ಅವನ ಹೊಲದ ನಡುವೆ ಗಚ್ಚಿನಿಂದ ಕಟ್ಟಿದ ಒಂದು ಹಳೆಯ ಬಾವಿಯ ಬಾಯಿ ಇತ್ತು. ಅವನ ಅಜ್ಜನ ಕಾಲದಿಂದಲೂ ಅದು ಹಾಳು ಬಾವಿಯೇ. ಕುರಿಗಳು ಬೀಳಬಾರದೆಂದು ಜಾಲಿಯ ಮುಳ್ಳು ಮುಚ್ಚಿದ್ದರು. ಮುಳ್ಳು ಎಳೆದೆಸೆದು ಬಗ್ಗಿ ನೋಡಿದರೆ, ಆಳದಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ ಗೊಲ್ಲಾಳಪ್ಪ ನಿಂತಿದ್ದ. ಮುಖ ತುಂಬ ಕೆಸರು, ಕಣ್ಣಷ್ಟೇ ಕಾಣುತ್ತಿದ್ದವು. ಎಡಗೈ ಜೋತುಬಿದ್ದಿತ್ತು. ಹಗ್ಗ ಇಳಿಸಿದರು. ಅವನು ಒಂದೇ ಕೈಯಿಂದ ಸೊಂಟಕ್ಕೆ ಸುತ್ತಿಕೊಂಡು ಗಂಟು ಹಾಕಿದ. ಮಲಕಾಜಪ್ಪ, ಬಾಬು, ಚಂದ್ರಾಬಾಯಿ ಮೂವರೂ ಸೇರಿ ಎಳೆದರು. ಮೇಲೆ ಬಂದವನನ್ನು ಚಂದ್ರಾಬಾಯಿ ಮುಟ್ಟಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ನೋಡುತ್ತ ನಿಂತಳು. ಅವನೇ “ನಾನ ಅದೇನಿ,” ಎಂದ ಮೇಲೆ ನೆಲಕ್ಕೆ ಕುಳಿತಳು.

ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಗೊಲ್ಲಾಳಪ್ಪ ಹೇಳಿದ. ಕಾಲಕೆಳಗಿನ ನೆಲ ಹೋದಾಗ ಅವನು ಬಿದ್ದದ್ದು ನೀರಿನಲ್ಲಿ. ಮೇಲಿನಿಂದ ಮಣ್ಣು ಸುರಿದು ಬೆಳಕು ಮುಚ್ಚಿತು. ಕೈ ಚಾಚಿದರೆ ಗೋಡೆ, ಕಟೆದ ಕಲ್ಲಿನ ಗೋಡೆ. ಎತ್ತಿದರೆ ಕಮಾನು. ನೀರು ನಿಂತಿರಲಿಲ್ಲ, ಹರಿಯುತ್ತಿತ್ತು.

“ಕಮಾನಿನಿಂದ ಏನೋ ಮಾರಿಗೆ ಬಡೀತು. ಹೆಣ್ಮಕ್ಕಳ ಕೂದ್ಲ ಜೋತುಬಿದ್ದಂಗ, ರಾಶಿ ರಾಶಿ. ಹಾವು ಅಂತ ತಿಳಕೊಂಡೆ, ಜೀವಾನ ಹೋತು. ಹಿಡದು ನೋಡಿದ್ರ ಬೇರು. ನಮ್ಮ ಹಿತ್ತಲದ ಕಸದ ಬೇರು.”

ನೀರು ಹರಿಯುವ ಕಡೆಗೇ ಗೋಡೆ ಸವರುತ್ತ ಅವನು ನಡೆದ. ಮುಂದೆ ಮಸುಕು ಬೆಳಕು ಕಂಡಿತು. ಅಲ್ಲಿಗೆ ಬಂದಾಗ ಮೇಲಿನಿಂದ ಯಾರೋ ತನ್ನ ಹೆಸರು ಹಿಡಿದು ಕೂಗುವುದು ಕೇಳಿಸಿತು. ಹೆಂಗಸಿನ ದನಿ. ಯಾರದೆಂದು ಅವನಿಗೆ ಗುರುತು ಸಿಗಲಿಲ್ಲ. ಆ ಬಾಯಲ್ಲಿ ತನ್ನ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ.

ಸುದ್ದಿ ಊರೊಳಗೆ ಹೋಗಲು ತಡವಾಗಲಿಲ್ಲ. ಜನ ಬಂದರು, ಅಧಿಕಾರಿಗಳು ಬಂದರು. ಸುಲ್ತಾನರ ಕಾಲದಲ್ಲಿ ತೊರವಿ ಕಡೆಯಿಂದ ಊರಿಗೆ ನೀರು ತರುತ್ತಿದ್ದ ಸುರಂಗದ ಒಂದು ಕವಲು ಇದು, ಮಲಕಾಜಪ್ಪನ ಹಾಳು ಬಾವಿ ಅದಕ್ಕೆ ಗಾಳಿ ಬೆಳಕಿಗೆಂದು ಬಿಟ್ಟ ಬಾಯಿ ಎಂದರು. ಇಲ್ಲಿಯವರೆಗೂ ಬಂದಿದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ. ಅವರಲ್ಲೊಬ್ಬರು ಅಡಿಗೆಮನೆಯ ನೆಲವನ್ನು ಹಾರೆಯ ತುದಿಯಿಂದ ಕುಟ್ಟಿದರು. ದಬ್ ದಬ್ ಎಂದಿತು. ಒಲೆಯ ಹತ್ತಿರ ಕುಟ್ಟಿದರು. ಅಲ್ಲಿಯೂ ಅದೇ ಸದ್ದು. ಚಂದ್ರಾಬಾಯಿ ದಿನವೂ ಕುಳಿತು ರೊಟ್ಟಿ ಬಡಿಯುತ್ತಿದ್ದ ಜಾಗದ ಕೆಳಗೆ ಟೊಳ್ಳು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಿಜಾಮುದ್ದೀನ ಮಾಸ್ತರರೂ ಬಂದಿದ್ದರು. ಎಲ್ಲರೂ ಸುರಂಗ ನೋಡಿದರೆ ಅವರು ಗಿಡ ನೋಡಿದರು. ಕಡ್ಡಿಯೊಂದರ ತುದಿಯಲ್ಲಿದ್ದ ಸಣ್ಣ ಮೊಗ್ಗಿನಂಥದ್ದನ್ನು ಅಂಗೈಯಲ್ಲಿ ಕೊಡವಿದರು. ಹಸಿರು ಹುಡಿ ಬಿತ್ತು.

“ಇದಕ್ಕ ಬೀಜ ಇಲ್ಲಮ್ಮ, ಈ ಹುಡೀನ ಬೀಜ,” ಎಂದರು. “ಇಂಗ್ಲೀಷಿನ್ಯಾಗ ಕುದುರಿ ಬಾಲ ಅಂತಾರ. ಭೂಮಿ ಮ್ಯಾಲ ಹೂವು ಅನ್ನೋದ ಇಲ್ಲದ ಕಾಲದಾಗ ಇದರ ವಂಶದವು ಮರದಷ್ಟು ಎತ್ತರ ಇದ್ದವು. ನೀವು ಎಷ್ಟ್ ಅಗದ್ರೂ ಇದು ಹೋಗಂಗಿಲ್ಲ. ನೀರು ಎಲ್ಲೈತಿ, ಅಲ್ಲಿತನಾ ಬೇರು ಹೋಗ್ತದ.”

ಚಂದ್ರಾಬಾಯಿ ತಲೆಯಾಡಿಸಿದಳು. ಅವಳಿಗೆ ಯಾವ ಮಾತೂ ತಲೆಗೆ ಹೋಗುತ್ತಿರಲಿಲ್ಲ. ಅಂದಿನಿಂದ ಅವಳು ನೆಲದ ಮೇಲೆ ಪೂರ್ತಿ ಕಾಲೂರಿ ನಡೆಯುವುದನ್ನು ಮರೆತಳು. ಕಾಲ್ಬೆರಳು ಊರಿ, ಗೋಡೆ ಹಿಡಿದು ನಡೆಯುತ್ತಿದ್ದಳು. ತುಂಬಿದ ಕೊಡವನ್ನು ಇಳಿಸುವಾಗ ಉಸಿರು ಹಿಡಿಯುತ್ತಿದ್ದಳು. ಸೀತವ್ವ ಜೋರಾಗಿ ಒನಕೆ ಹಾಕಿದರೆ ಓಡಿಬಂದು ಕೈ ಹಿಡಿಯುತ್ತಿದ್ದಳು. ಮಲಕಾಜಪ್ಪನ ಹೆಂಡತಿ ಗೌರಾಬಾಯಿ ಮಾತನಾಡಿಸಲು ಬಂದವಳು, “ಗಂಡನ ಹೆಸರ ಹಿಡದು ಕೂಗಿದಳಂತ, ಖರೇ ಏನ್ರಿ?” ಎಂದು ಸೀತವ್ವನನ್ನು ಕೇಳಿದಳು.

“ಹೌದ್ ಕೂಗ್ಯಾಳ,” ಎಂದಳು ಸೀತವ್ವ. “ನನಗ ದನಿ ಹೊಂಟಿರಲಿಲ್ಲ. ಆಕಿ ಕೂಗ್ಯಾಳ.”

ಹಿಂದಿನ ಖೋಲಿಯನ್ನು ಬಿಚ್ಚಬೇಕಾಯಿತು. ಬಾಬು ಕೆಲಸ ಬಿಟ್ಟು ಬಂದು, ರಸ್ತೆಯ ಬದಿಗೆ, ಬಂಡೆ ಇರುವ ಕಡೆ, ಹೊಸ ಗೋಡೆ ಎಬ್ಬಿಸಿದ. ಮಲ್ಲಿಗೆಯನ್ನು ಕಿತ್ತು ಮುಂದಿನ ಅಂಗಳಕ್ಕೆ ತಂದರು. ಹಿತ್ತಲನ್ನು ಆ ಕಡ್ಡಿಗಳಿಗೇ ಬಿಟ್ಟು ಸುತ್ತ ಮುಳ್ಳುಬೇಲಿ ಹಾಕಿದರು. ಹೊಸ ಖೋಲಿಯಲ್ಲಿಯೂ ಚಂದ್ರಾಬಾಯಿ ತುದಿಗಾಲಲ್ಲೇ ನಡೆದಳು.

ಕೈಯ ಪಟ್ಟಿ ಬಿಚ್ಚಿದ ಮೇಲೆ ಒಂದು ಮಧ್ಯಾಹ್ನ ಗೊಲ್ಲಾಳಪ್ಪ ಡಿಪೋದಿಂದ ಬಸ್ಸಿನ ಹಳೆಯ ಕನ್ನಡಿಯೊಂದನ್ನು ತಂದ. “ನಡಿ,” ಎಂದ. ಎಲ್ಲಿಗೆ ಎಂದು ಅವಳಿಗೆ ಗೊತ್ತಾಯಿತು. ಒಲ್ಲೆ ಎಂದಳು. ಅವನು ಒತ್ತಾಯ ಮಾಡಲಿಲ್ಲ, ಕನ್ನಡಿ ಹಿಡಿದು ಹೊಲದ ಕಡೆ ನಡೆದ. ಅವನೊಬ್ಬನೇ ಆ ಬಾವಿಯ ಹತ್ತಿರ ಹೋಗುವುದನ್ನು ನೋಡಲಾಗದೆ ಅವಳು ಹಿಂದೆಯೇ ಹೋದಳು.

ಗೊಲ್ಲಾಳಪ್ಪ ಬಿಸಿಲಿಗೆ ಕನ್ನಡಿ ಹಿಡಿದು ಬೆಳಕನ್ನು ಒಳಗೆ ಬಿಟ್ಟ. ಬೆಳಕಿನ ತುಂಡು ಗಚ್ಚಿನ ಗೋಡೆಯ ಮೇಲೆ ಜಾರುತ್ತ ಇಳಿದು ತಳ ಮುಟ್ಟಿತು. ಚಂದ್ರಾಬಾಯಿ ಅವನ ಅಂಗಿಯ ಚುಂಗು ಹಿಡಿದುಕೊಂಡೇ ಬಗ್ಗಿದಳು. ಕೆಳಗೆ ನೀರು ತಿಳಿಯಾಗಿತ್ತು. ತಳದ ಹಾಸುಗಲ್ಲುಗಳು ಒಂದಕ್ಕೊಂದು ಕೂಡಿದ ಗೆರೆಯೂ ಕಾಣುತ್ತಿತ್ತು. ಅದರ ಮೇಲೆ ನೀರು ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು, ಯಾರೂ ನೋಡದಿದ್ದರೂ ಇಷ್ಟು ವರ್ಷ ಹೋದ ಹಾಗೆಯೇ.

“ಎಲ್ಲಿಗೆ ಹೊಂಟೈತ್ರಿ ಇದು?”

“ಊರಾಗ.”

“ನಾವು ಮಕ್ಕೊಂಡಾಗೂ ಹೋಗ್ತಿತ್ತು?”

“ಹೂಂ.”

ಗಂಡ ಕನ್ನಡಿ ತಿರುಗಿಸಿದ, ಒಳಗೆ ಕತ್ತಲಾಯಿತು. “ತಡೀರಿ, ಇನ್ನೊಂದ್ಸಲ ಬಿಡ್ರಿ,” ಎಂದಳು. ಅವನು ಮತ್ತೆ ಬೆಳಕು ಬಿಟ್ಟ. ಚಂದ್ರಾಬಾಯಿ ಅಂಗಿಯ ಚುಂಗು ಬಿಟ್ಟು, ಬಾವಿಯ ಗಚ್ಚಿನ ಕಟ್ಟೆಯ ಮೇಲೆ ಮೈಭಾರ ಹಾಕಿ ಕುಳಿತು, ಒಳಗೆ ನೋಡತೊಡಗಿದಳು.