ಸಾಕೆಂದ ಮೇಲೆ ಇನ್ನೊಂದು

ದನಿ ಕಲಿಸುವ ಟೀಚರಮ್ಮನ ಎದುರು ಕೂತು, ನೀವು ಈಗಿನ ಕಾಲಕ್ಕೆ ಅಪ್‌ಡೇಟ್ ಆಗಿದ್ದೀರಾ ಎಂದು ಕೇಳಿ ಬಚಾವಾದವರು ಯಾರೂ ಇರಲಿಲ್ಲ. ಒಮ್ಮೆ ಮಗಳನ್ನು ಸೇರಿಸಲು ಬಂದ ಹೆಂಗಸೊಬ್ಬಳು ಕೇಳಿದ್ದಳು. ಟೀಚರಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅ ಆ ಇ ಈ ಬದಲಾಗಿದ್ಯೇನಮ್ಮ? ಬದಲಾದ ದಿನ ಹೇಳಿ, ನಾನೂ ಬದಲಾಗ್ತೀನಿ" ಎಂದಿದ್ದರು. ಹೆಂಗಸು ತೆಪ್ಪಗೆ ಮಗಳನ್ನು ಸೇರಿಸಿ ಹೋದಳು.

ಜಂಬವೇ? ಜಂಬವೇ. ಆದರೆ ಸುಮ್ಮಸುಮ್ಮನೆ ಬಂದದ್ದಲ್ಲ. ಇಪ್ಪತ್ತಾರು ವರ್ಷ ಸಿನಿಮಾ ನಾಯಕಿಯರಿಗೆ ದನಿ ಕೊಟ್ಟವರು ಅವರು. ತೆರೆಯ ಮೇಲೆ ಕಣ್ಣೀರು ಹಾಕಿದವರು ಬೇರೆ, ಜನರ ಹೊಟ್ಟೆ ಕಿವುಚಿದ ಅಳು ಇವರದು. ಗಂಟಲಲ್ಲಿ ಗಂಟಾಗಿ ಆಪರೇಷನ್ ಆದ ಮೇಲೆ ದನಿ ಒಡೆಯಿತು, ಕಲಿಸಲು ಕೂತರು. ಸ್ಟುಡಿಯೋ ಮೆಟ್ಟಿಲು ಕೊನೆಯ ಸಲ ಹತ್ತಿ ಹನ್ನೊಂದು ವರ್ಷವಾಗಿತ್ತು. ಅದನ್ನು ಅವರು ಎಣಿಸಿರಲಿಲ್ಲ, ಯಾರಾದರೂ ಎಣಿಸಿ ಹೇಳಬೇಕಿತ್ತು.

ಎರಡನೇ ಮಹಡಿಯ ಮನೆಯ ನಡುಕೋಣೆಯೇ ತರಗತಿ. ಗೋಡೆಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಮೈಕು ಯಾವಾಗಲೋ ಕೆಟ್ಟಿತ್ತು. ಅದರ ಸ್ಟ್ಯಾಂಡಿಗೆ ಕಾಲ್ಚೀಲ ತೊಡಿಸಿದ ರಬ್ಬರ್ ಚೆಂಡೊಂದನ್ನು ಸಿಕ್ಕಿಸಿ, ಅದರಿಂದ ಮೂರು ಅಡಿ ದೂರಕ್ಕೆ ನೆಲದಲ್ಲಿ ಗೆರೆ ಎಳೆದಿದ್ದರು. ಗೆರೆ ದಾಟುವಂತಿಲ್ಲ. ಹೊಟ್ಟೆಯಿಂದ ಮಾತು ಬರಬೇಕು, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿರಬೇಕು, ಮುಖ್ಯವಾದ ಪದಕ್ಕೆ ಮೊದಲು ಅರೆ ಉಸಿರು ಎಳೆಯಬೇಕು. ಎಲ್ಲಕ್ಕಿಂತ ದೊಡ್ಡ ಪಾಠ ಕೊನೆಯದು. ಸ್ಟುಡಿಯೋದವರು ಸಾಕು ಅನ್ನುವ ತನಕ ಕೊಡಬೇಕು, ಸಾಕೆಂದ ಮೇಲೆ ಇನ್ನೊಂದು ಕೊಡಬೇಕು. ನಗು ಕೇಳಿದರೆ ನಾಲ್ಕು ಥರ ನಗಬೇಕು, ಕೇಳದಿದ್ದರೂ ಒಮ್ಮೆ ಬಿಕ್ಕಬೇಕು. ಸಹಿಗೆ ಕಾಗದ ಕೊಟ್ಟರೆ ನಿಂತು ಓದುತ್ತಾ ಅವರನ್ನು ಅನುಮಾನದಿಂದ ನೋಡಬಾರದು. ಟೀಚರಮ್ಮ ಬೆಳೆದದ್ದೇ ಹಾಗೆ. ಅವರ ಕಾಲದಲ್ಲಿ ಆ ಕಾಗದ ಬಸ್ ಟಿಕೆಟ್ಟಿಗಿಂತ ಸ್ವಲ್ಪ ದೊಡ್ಡದಿರುತ್ತಿತ್ತು, ಅಷ್ಟೇ.

ಈ ಪಾಠಗಳನ್ನೆಲ್ಲ ಚಾಚೂ ತಪ್ಪದೆ ಕಲಿತವಳು ಒಬ್ಬಳೇ, ತಂಗಿಯ ಮಗಳು. ತಂಗಿ ತೀರಿಕೊಂಡಾಗ ಹುಡುಗಿಗೆ ಒಂಬತ್ತು ವರ್ಷ. ದೊಡ್ಡಮ್ಮನ ಮನೆಗೆ ಬಂದವಳು ಐದು ತಿಂಗಳು ತುಟಿ ಪಿಟಕ್ಕೆನ್ನಲಿಲ್ಲ. ಡಾಕ್ಟರು ಕಾಯಿರಿ ಎಂದರು. ಕಾಯುವ ಜಾಯಮಾನ ಟೀಚರಮ್ಮನದಲ್ಲ. ದಿನಾ ಸಂಜೆ ಅವಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಸೋಪಿನ ಪುಡಿ ಪ್ಯಾಕೆಟ್ಟಿನ ಮೇಲಿದ್ದದ್ದು, ಔಷಧಿ ಬಾಟಲಿಯ ಮೇಲಿದ್ದದ್ದು, ಒಂದೊಂದೇ ಪದ ತಾವು ಹೇಳುವುದು, ಅವಳ ಬಾಯಿ ನೋಡುವುದು. ಒಂದು ದಿನ ಹುಡುಗಿ "ಚೆನ್ನಾಗಿ ಕುಲುಕಿ ಬಳಸಿ" ಎಂದಳು. ಟೀಚರಮ್ಮ ಬಾಟಲಿ ಹಿಡಿದುಕೊಂಡೇ ಅತ್ತುಬಿಟ್ಟರು. ಆ ಎಳೆ ದನಿಗೆ ಹದಿನೈದು ವರ್ಷ ನೀರೆರೆದು ಬೆಳೆಸಿದರು. ಮನೆಯಲ್ಲಿ ದೊಡ್ಡಮ್ಮ, ಗೆರೆಯ ಮೇಲೆ ನಿಂತಾಗ ಟೀಚರ್. ಇಪ್ಪತ್ನಾಲ್ಕಕ್ಕೆ ಅವಳು ಬಾಯಿ ತೆರೆದರೆ ಕೇಳಿದವರು ಕೆಲಸ ನಿಲ್ಲಿಸಿ ತಿರುಗಿ ನೋಡುವಂತಾಗಿತ್ತು.

ಕಾಲ ಬದಲಾಗಿದೆ ಎಂದು ಎಚ್ಚರಿಸಿದವನು ಇಲ್ಲದಿರಲಿಲ್ಲ. ಹಳೆಯ ಶಿಷ್ಯ, ದನಿ ಒರಟು ಅಂತ ಟೀಚರಮ್ಮನೇ ಗೊಗ್ಗರಪ್ಪ ಎಂದು ಹೆಸರಿಟ್ಟವನು. ಈಗ ಮೈಕು ಬಾಯಿ ಪಕ್ಕಕ್ಕೇ ಬರುತ್ತೆ, ಜನ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಬೇಕಂತೆ ಎಂದು ತರಗತಿಯಲ್ಲೇ ವಾದಿಸಿದ್ದಕ್ಕೆ, ಮನೆಯಲ್ಲಿ ಮಾತಾಡೋದಾದ್ರೆ ಮನೆಗೇ ಹೋಗು ಎಂದು ಕಳಿಸಿಬಿಟ್ಟಿದ್ದರು. ಅವನು ತನ್ನದೇ ತರಗತಿ ತೆರೆದ. ಆಮೇಲೂ ಹಗೆ ಸಾಧಿಸದೆ ವರ್ಷಕ್ಕೊಮ್ಮೆ ದನಿ ಕಲಾವಿದರ ಸಭೆಗೆ ಕರೆಯುತ್ತಿದ್ದ, ಯಂತ್ರದ ದನಿ, ಹೊಸ ಕರಾರು ಅಂತೆಲ್ಲ ಅಚ್ಚಾದ ಹಾಳೆಗಳನ್ನು ಕಳಿಸುತ್ತಿದ್ದ. ಟೀಚರಮ್ಮ ಅವನ್ನು ಕಿಟಕಿ ಗಾಜು ಒರೆಸಲು ಇಟ್ಟುಕೊಂಡಿದ್ದರು.

ಹುಡುಗಿಗೆ ದೊಡ್ಡ ಕೆಲಸವೊಂದು ಬಂತು. ಮೂರು ದಿನ ರೆಕಾರ್ಡಿಂಗ್, ದೊಡ್ಡ ಸ್ಟುಡಿಯೋ. ಮೊದಲ ದಿನ ಬೆಳಗ್ಗೆಯೇ ಅಲ್ಲಿನ ಬಚ್ಚಲಲ್ಲಿ ನಿಂತು ದೊಡ್ಡಮ್ಮನಿಗೆ ಫೋನ್ ಮಾಡಿದಳು. ಹನ್ನೆರಡು ಪುಟದ ಕರಾರು ಕೊಟ್ಟಿದ್ದಾರೆ, ಅರ್ಥವಾಗುತ್ತಿಲ್ಲ, ಒಂದು ದಿನ ಟೈಮ್ ಕೇಳಲಾ ಎಂದಳು.

"ಒಂದು ಕಡೆ 'ಎಲ್ಲಾ ರೂಪದಲ್ಲೂ, ಎಂದೆಂದಿಗೂ' ಅಂತ ಇದೆ ದೊಡ್ಡಮ್ಮ. ಹಾಗಂದ್ರೇನು?"

"ನಾನು ಮಾಡಿದ ಸಿನಿಮಾಗಳೂ ಎಂದೆಂದಿಗೂ ಇರಲ್ವಾ? ಸಹಿ ಹಾಕು. ಕಾಗದ ಹಿಡ್ಕೊಂಡು ನಿಂತರೆ ಗರ್ವದ ಹುಡುಗಿ ಅಂದ್ಕೋತಾರೆ."

ಸಹಿ ಹಾಕಿದಳು. ಮೂರು ದಿನವೂ ಅವರು ಕೇಳಿದ್ದನ್ನೆಲ್ಲ ಕೊಟ್ಟಳು. ಕಥೆಯಿಲ್ಲ, ಪಾತ್ರವಿಲ್ಲ, ಬರೀ ವಾಕ್ಯಗಳು. ಸಾವಿರಾರು ವಾಕ್ಯ. ಸಾಕು ಎಂದಾಗ, ಕಲಿತವಳಲ್ಲವೇ, ಇನ್ನೊಂದು ಕೊಟ್ಟಳು. ನಕ್ಕಳು, ಬಿಕ್ಕಿದಳು, ಪಿಸುಗುಟ್ಟಿದಳು, ಮಗುವನ್ನು ಮಲಗಿಸುವ ಹಾಗೆ ಗುನುಗಿದಳು. ಇಷ್ಟು ಧಾರಾಳವಾಗಿ ಯಾರೂ ಕೊಟ್ಟಿರಲಿಲ್ಲ ಅಂದರಂತೆ. ಆ ಮಾತು ಕೇಳಿ ಟೀಚರಮ್ಮ ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ಅದು ನಡೆದು ಒಂದು ವರ್ಷವಾಗಿರಬಹುದು. ಕಣ್ಣಿನ ಪೊರೆ ತೋರಿಸಲು ಟೀಚರಮ್ಮ ಒಬ್ಬರೇ ಆಸ್ಪತ್ರೆಗೆ ಹೋದರು. ಹುಡುಗಿ ಕೆಲಸವಿದೆಯೆಂದು ಬೆಳಗ್ಗೆಯೇ ಹೊರಟಿದ್ದಳು. ಕಾಯುವ ಕೋಣೆಯಲ್ಲಿ ನೀಲಿ ಕುರ್ಚಿಗಳ ಸಾಲು, ಮೂಲೆಯಲ್ಲಿ ನೀರಿನ ಯಂತ್ರ, ಗೋಡೆಯ ಮೇಲೊಂದು ಸ್ಪೀಕರ್. ಕೂತು ಐದು ನಿಮಿಷವಾಗಿಲ್ಲ, ಸ್ಪೀಕರಿನಿಂದ ದನಿ ಬಂತು. "ದಯವಿಟ್ಟು ಸರದಿಯಲ್ಲಿ," ಆಮೇಲೆ ಒಂದು ಅರೆ ಉಸಿರು, "ಬನ್ನಿ." ಆ ಅರೆ ಉಸಿರು ಎಳೆಯುವುದನ್ನು ಹುಡುಗಿಗೆ ಕಲಿಸಲು ಎರಡು ವರ್ಷ ಹಿಡಿದಿತ್ತು. ಟೀಚರಮ್ಮನ ಎದೆ ಉಬ್ಬಿತು. ಪಕ್ಕದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಿದ್ದ ಮುದುಕಿಯ ಮೊಣಕೈ ತಿವಿದು, "ನಮ್ಮ ಹುಡುಗಿ. ನಾನೇ ಕಲಿಸಿದ್ದು" ಎಂದರು. ಮುದುಕಿ ತುಂಬ ಚೆನ್ನಾಗಿ ಮಾತಾಡುತ್ತಾಳೆ ಎಂದಳು.

ಆಗ ಸ್ಪೀಕರು ಆ ಮುದುಕಿಯನ್ನೇ ಹೆಸರು ಹಿಡಿದು ಕರೆಯಿತು. ಊರುಗೋಲು ಹುಡುಕುತ್ತಾ ಅವಳು ಎದ್ದುಹೋದಳು. ಅವಳ ಹಿಂದೆ ಇನ್ನೊಬ್ಬರ ಹೆಸರು, ಮತ್ತೊಬ್ಬರ ಹೆಸರು. ಆಮೇಲೆ ಟೀಚರಮ್ಮನ ಹೆಸರು. ಹುಟ್ಟಿದಾಗಿನಿಂದ ದೊಡ್ಡಮ್ಮ ಎಂದೇ ಕರೆದವಳು, ಒಂದು ದಿನವೂ ತಮ್ಮ ಹೆಸರನ್ನು ಬಾಯಲ್ಲಿ ಆಡದವಳು, ಆವತ್ತು ಎಲ್ಲರೆದುರು ತಮ್ಮ ಬರೀ ಹೆಸರನ್ನು ಕೂಗಿ ಮೂರನೇ ಕೋಣೆಗೆ ಹೋಗಲು ಹೇಳಿದ್ದಳು.

ಅವರು ಮೂರನೇ ಕೋಣೆಗೆ ಹೋಗಲಿಲ್ಲ. ಹುಡುಗಿ ಇಲ್ಲೇ ಎಲ್ಲೋ ಕೂತು ಕೂಗುತ್ತಿದ್ದಾಳೆ, ಕೆಲಸ ಸಿಕ್ಕಿದ್ದನ್ನು ಹೇಳದೆ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಕೌಂಟರಿಗೆ ಹೋಗಿ, ಹೆಸರು ಕರೆಯುವ ಹುಡುಗಿ ಎಲ್ಲಿ ಕೂರುತ್ತಾಳೆ ಎಂದು ಕೇಳಿದರು. ಕೌಂಟರಿನವನು ತಲೆಯೆತ್ತದೆ, "ಹುಡುಗಿ ಯಾರೂ ಇಲ್ಲಮ್ಮ, ಕಂಪ್ಯೂಟರು. ನಾವು ಟೈಪ್ ಮಾಡ್ತೀವಿ, ಅದು ಹೇಳುತ್ತೆ" ಎಂದ. ಏನು ಟೈಪ್ ಮಾಡಿದರೂ ಹೇಳುತ್ತಾ ಎಂದು ಕೇಳಿದರು. ಏನು ಟೈಪ್ ಮಾಡಿದರೂ ಹೇಳುತ್ತೆ, ಬ್ಯಾಂಕಿನಲ್ಲೂ ಇದೇ ದನಿ, ರೈಲಿನಲ್ಲೂ ಇದೇ ಎಂದ. ಟೀಚರಮ್ಮ ಕಣ್ಣು ತೋರಿಸದೆಯೇ ಮನೆಗೆ ಬಂದರು.

ಸಂಜೆ ಹುಡುಗಿ ಬಂದಾಗ ಆ ಹನ್ನೆರಡು ಪುಟದ ಕರಾರು ಮೇಜಿನ ಮೇಲಿತ್ತು, ಪಕ್ಕದಲ್ಲಿ ಭೂತಗನ್ನಡಿ. ಅವಳು ಅದನ್ನು ನೋಡಿ ಚಪ್ಪಲಿ ಬಿಡುವುದನ್ನೇ ಮರೆತು ನಿಂತಳು. ಅವಳಿಗೆ ಮೊದಲೇ ಗೊತ್ತಿತ್ತು. ಏಳು ತಿಂಗಳಿಂದ ಗೊತ್ತಿತ್ತು. ಎಲ್ಲಿ ಆಡಿಷನ್‌ಗೆ ಹೋದರೂ, ಚೆನ್ನಾಗಿದೆ, ಆದರೆ ಕಂಪ್ಯೂಟರ್ ಮಾತಾಡಿದ ಹಾಗಿದೆ ಎಂದು ಕಳಿಸುತ್ತಿದ್ದರು. ಕಂಪ್ಯೂಟರು ಮಾತಾಡುತ್ತಿದ್ದದ್ದೇ ತನ್ನ ಹಾಗೆ ಎಂದು ಯಾರಿಗೆಂದು ಹೇಳುತ್ತಾಳೆ? ವಕೀಲರೊಬ್ಬರಿಗೆ ಕಾಗದ ತೋರಿಸಿದ್ದಳು. ಸಹಿ ನಿಮ್ಮದೇ ತಾನೇ ಎಂದು ಕೇಳಿ ಅವರು ಕಾಗದ ವಾಪಸ್ ಕೊಟ್ಟಿದ್ದರು. ರೆಕಾರ್ಡಿಂಗ್ ಎಂದು ಹೇಳಿ ದಿನಾ ಹೊರಡುತ್ತಿದ್ದವಳು ಬಟ್ಟೆ ಅಂಗಡಿಯ ಗೋದಾಮಿನಲ್ಲಿ ಅಂಗಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅಲ್ಲಿ ಮಾತಾಡಬೇಕಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸಹಿ ಹಾಕು ಅಂದದ್ದು ನೀನೇ ಅಂತ ನಿನಗೆ ನೆನಪಾಗ್ತಿತ್ತು, ದೊಡ್ಡಮ್ಮ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಏಳು ತಿಂಗಳು ಇದನ್ನು ಒಬ್ಬಳೇ ಹೊಟ್ಟೆಗೆ ಹಾಕಿಕೊಂಡು, ಸಂಜೆ ಬಂದು ತಮ್ಮ ಜೊತೆ ನಗುನಗುತ್ತಾ ಊಟ ಮಾಡಿದ್ದಾಳೆ. ತಾನು ಕೈಯಾರೆ ಬೆಳೆಸಿದ್ದನ್ನು ತನ್ನ ಬಾಯಿಂದಲೇ ಕೊಟ್ಟುಬಿಡು ಎಂದೆನಲ್ಲ ಎಂದು ಟೀಚರಮ್ಮ ಹಣೆ ಚಚ್ಚಿಕೊಂಡರು. ಹುಡುಗಿ ಅವರ ಕೈ ಹಿಡಿದುಕೊಂಡಳು. ಯಾರು ಯಾರನ್ನು ಸಮಾಧಾನ ಮಾಡಬೇಕಿತ್ತೋ ಅದು ತಲೆಕೆಳಗಾಗಿತ್ತು.

ಅವಳು ಕೇಳಿದ್ದು ಒಂದೇ. ಆ ದನಿಯಲ್ಲಿ ಇನ್ನು ಯಾರೂ ಕೆಲಸ ಕೊಡುವುದಿಲ್ಲ, ಯಂತ್ರದ ಹತ್ತಿರ ಇಲ್ಲದ ಬೇರೆ ದನಿ ಕಲಿಸಿಕೊಡು ಎಂದಳು. ಮಾರನೇ ದಿನ ಇಬ್ಬರೂ ಗೆರೆಯ ಹತ್ತಿರ ನಿಂತರು. ಹತ್ತು ದಿನ ಪ್ರಯತ್ನ ಮಾಡಿದರು. ಹುಡುಗಿ ಮಾತನ್ನು ಒರಟು ಮಾಡಿದ ಕೂಡಲೇ ಟೀಚರಮ್ಮನಿಗೆ ಗೊತ್ತಿಲ್ಲದೆಯೇ ಅವರ ಹುಬ್ಬು ಗಂಟಿಕ್ಕುತ್ತಿತ್ತು, ಅದನ್ನು ನೋಡಿ ಅವಳ ನಾಲಿಗೆ ತಾನಾಗಿ ಸರಿಹೋಗುತ್ತಿತ್ತು. ಅಕ್ಷರ ನುಂಗು ಎಂದು ಹೇಳಬೇಕಾದವರಿಗೆ ನುಂಗುವುದು ಹೇಗೆಂದೇ ಗೊತ್ತಿರಲಿಲ್ಲ. ಹನ್ನೊಂದನೇ ದಿನ ಟೀಚರಮ್ಮ ಕುರ್ಚಿಯಲ್ಲಿ ಕುಸಿದು, "ನನಗೆ ಬರಲ್ಲ ಮಗಳೇ" ಎಂದರು. ಅರವತ್ತೊಂದು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಹೊರಟದ್ದು ಅದೇ ಮೊದಲು.

ಆಮೇಲೆ ಅವರೇ ಗೊಗ್ಗರಪ್ಪನಿಗೆ ಫೋನ್ ಮಾಡಿದರು. ಆವತ್ತೇ ಹೇಳಲಿಲ್ವಾ ಎನ್ನುತ್ತಾನೆ, ಅನ್ನಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಅವನು ಅನ್ನಲಿಲ್ಲ. ಎಲ್ಲ ಕೇಳಿಸಿಕೊಂಡು, ನಾಳೆಯೇ ಕಳಿಸಿ ಟೀಚರ್ ಎಂದ. ಅದು ಇನ್ನೂ ಚುಚ್ಚಿತು. ಒಂದು ಷರತ್ತನ್ನು ಮಾತ್ರ ತುಂಬ ಸಂಕೋಚದಿಂದ ಹೇಳಿದ. ನಿಮ್ಮ ಕಿವಿಗೆ ಬೀಳುವ ತನಕ ಅವಳು ನಿಮಗೆ ಇಷ್ಟವಾಗುವ ಹಾಗೇ ಮಾತಾಡುತ್ತಾಳೆ, ಆರು ತಿಂಗಳು ಅವಳು ನಿಮ್ಮ ಜೊತೆ ಬಾಯಿಬಿಟ್ಟು ಮಾತಾಡಬಾರದು. ಟೀಚರಮ್ಮ ಒಪ್ಪಿಕೊಂಡರು. ಒಪ್ಪದೆ ಏನು ಮಾಡುತ್ತಾರೆ.

ಹುಡುಗಿ ಅವನ ತರಗತಿಯ ಹತ್ತಿರ ಒಂದು ರೂಮು ಹಿಡಿದಳು. ದಿನಾ ಫೋನಿನಲ್ಲಿ ಬರೆದು ಕಳಿಸುತ್ತಿದ್ದಳು: ಊಟ ಆಯ್ತು, ಕಣ್ಣಿನ ಮದ್ದು ಹಾಕ್ಕೋ, ಇವತ್ತು ಬೈಗುಳ ಕಮ್ಮಿ. ಟೀಚರಮ್ಮ ತಮ್ಮ ಬಳಿ ಉಳಿದಿದ್ದ ನಾಲ್ವರು ಶಿಷ್ಯರಿಗೂ ಗೊಗ್ಗರಪ್ಪನ ವಿಳಾಸ ಕೊಟ್ಟು ಕಳಿಸಿದರು. ಮನೆ ಭಣಗುಟ್ಟುತ್ತಿತ್ತು. ಬೆಳಗಾದರೆ ಅವಳ ಸಂದೇಶವನ್ನು ತಾವೇ ಜೋರಾಗಿ ಓದುತ್ತಿದ್ದರು, ಅವಳು ಹೇಗೆ ಹೇಳಿರುತ್ತಿದ್ದಳು ಎಂದು ಊಹಿಸಿಕೊಂಡು. ಆರು ತಿಂಗಳು ಮುಗಿಯಲಿ, ಒಂದು ಸಲ ದೊಡ್ಡಮ್ಮ ಅಂದುಬಿಡಲಿ, ಸಾಕು ಎನ್ನುವಂತಾಗಿತ್ತು.

ಆರು ತಿಂಗಳಿಗೆ ಇನ್ನೂ ಹನ್ನೆರಡು ದಿನ ಬಾಕಿಯಿತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮನೆಯ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಎತ್ತಿದರೆ ಯಾರೋ ಹೆಂಗಸು, ಏದುಸಿರು ಬಿಡುತ್ತಾ, ಅರ್ಧ ಅಕ್ಷರ ನುಂಗಿಕೊಂಡು, ದೊಡ್ಡಮ್ಮ ಎಂದಳು. ಕೊರಳಲ್ಲಿ ಕಲ್ಲು ಉಜ್ಜಿದ ಹಾಗಿತ್ತು.

"ನಿಮ್ಮ ದೊಡ್ಡಮ್ಮ ಇಲ್ಲಿಲ್ಲಮ್ಮ, ನಂಬರು ತಪ್ಪಿದೆ. ಸರಿಯಾಗಿ ನೋಡಿ ಮಾಡಿ" ಎಂದು ಟೀಚರಮ್ಮ ಫೋನಿಟ್ಟರು.

ಇಟ್ಟ ಕೈ ಅಲ್ಲೇ ನಿಂತಿತು. ಒಂದು ಕೆಮ್ಮು ಕೇಳಿ ಅದು ಯಾರದ್ದೆಂದು ಹೇಳುತ್ತಿದ್ದ ಕಿವಿ ಅವರದು. ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿ ಕಿವಿಗೆ ಒತ್ತಿಕೊಂಡರು. ಆ ಕಡೆ ಅವಳು ನಗುತ್ತಿದ್ದಳು. ನಗುವೂ ಬೇರೆಯಾಗಿತ್ತು. ಮಕ್ಕಳ ಕಾರ್ಟೂನಿನಲ್ಲಿ ಸಿಡುಕಿನ ಕಂಡಕ್ಟರಮ್ಮನ ಪಾತ್ರ ಸಿಕ್ಕಿದೆ, ಎರಡು ವರ್ಷದ ಕೆಲಸ, ಕರಾರಿನ ಕಾಗದವನ್ನು ಹೊಸ ಮಾಸ್ತರರು ಸಾಲುಸಾಲಾಗಿ ಓದಿದ್ದಾರೆ, ಇದು ಸ್ಟುಡಿಯೋ ಆಫೀಸಿನ ಫೋನು, ಇನ್ನು ಮಾತಾಡಬಹುದು, ಮಾಡು ಅಂತ ಮಾಸ್ತರರೇ ಅಂದರು ಎಂದು ಒಂದೇ ಉಸಿರಿಗೆ ಹೇಳಿದಳು.

"ನಿನಗೂ ಗೊತ್ತಾಗ್ಲಿಲ್ಲ ಅಲ್ವಾ? ನಿಜ ಹೇಳು ದೊಡ್ಡಮ್ಮ, ಸ್ವಲ್ಪಾನೂ ಗೊತ್ತಾಗ್ಲಿಲ್ವಾ?"

"ಸ್ವಲ್ಪಾನೂ ಗೊತ್ತಾಗ್ಲಿಲ್ಲ ಕಣೇ" ಎಂದರು ಟೀಚರಮ್ಮ. ದನಿಯಲ್ಲಿ ಎಳ್ಳಷ್ಟೂ ನಡುಕ ಬರದ ಹಾಗೆ, ಖುಷಿ ಮಾತ್ರ ಕೇಳಿಸುವ ಹಾಗೆ ಹೇಳಿದರು. ಅಷ್ಟು ವಿದ್ಯೆ ಅವರ ಒಡೆದ ಗಂಟಲಲ್ಲಿ ಇನ್ನೂ ಉಳಿದಿತ್ತು. ಹುಡುಗಿ ನಂಬಿದಳು. ಭಾನುವಾರ ಮನೆಗೆ ಬರುತ್ತೇನೆ ಎಂದು ಹೇಳಿ ಫೋನಿಟ್ಟಳು.

ಟೀಚರಮ್ಮ ಅಲ್ಲೇ ನೆಲದ ಮೇಲೆ ಕೂತರು. ಭಾನುವಾರ ಅವಳು ಬರುತ್ತಾಳೆ, ಅದೇ ಮುಖ, ಅದೇ ಕೈ. ಬಂದು ಆ ಹೆಂಗಸಿನ ದನಿಯಲ್ಲಿ ದೊಡ್ಡಮ್ಮ ಎನ್ನುತ್ತಾಳೆ, ತಾವು ಏನಮ್ಮ ಎನ್ನಬೇಕು. ಅದನ್ನು ಈಗಲೇ ಅಭ್ಯಾಸ ಮಾಡಿಕೊಳ್ಳಬೇಕೆಂದು ಖಾಲಿ ಕೋಣೆಯಲ್ಲಿ ಏನಮ್ಮ, ಏನಮ್ಮ ಎಂದು ನಾಲ್ಕೈದು ಸಲ ಹೇಳಿ ನೋಡಿದರು. ಒಂದು ಸಲವೂ ಸರಿಯಾಗಿ ಬರಲಿಲ್ಲ.