ಕಲ್ಲು ಹುಡುಕುತ್ತಿದ್ದ ಪಾದಗಳು

ನಮ್ಮಪ್ಪನ ಪಾದಕ್ಕೆ ಕಣ್ಣಿದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ನಾವು ಮಡಕೆ ಮಾಡುವವರು. ಜರಡಿ ಹಿಡಿದ ಮಣ್ಣನ್ನು ನೆನೆಸಿ, ಅಂಗಳದಲ್ಲಿ ಹರಡಿ, ಅಪ್ಪ ಬರಿಗಾಲಲ್ಲಿ ತುಳಿಯುತ್ತಿದ್ದ. ತುಳಿಯುತ್ತ ತುಳಿಯುತ್ತ ಥಟ್ಟನೆ ನಿಲ್ಲುತ್ತಿದ್ದ. "ಸಿಕ್ಕಿಬಿದ್ದ ಕಳ್ಳ!" ಎಂದು ಬಗ್ಗಿ, ಸಾಸಿವೆಯಷ್ಟು ಸಣ್ಣ ಕಲ್ಲನ್ನು ಎತ್ತಿ ನನ್ನ ಅಂಗೈಗೆ ಹಾಕುತ್ತಿದ್ದ. ಅಂಥದೊಂದು ಉಳಿದರೂ ಸುಡುವಾಗ ಮಡಕೆ ಸೀಳಿಬಿಡುತ್ತದೆ. ಆ ಕಲ್ಲುಗಳಲ್ಲೇ ಆಟವಾಡಿ ಬೆಳೆದವಳು ನಾನು. ಆ ಬೆಳಗುಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ನೆನಪಾದರೆ ಮಾತ್ರೆ ನುಂಗುತ್ತಿದ್ದ, ಇಲ್ಲದಿದ್ದರೆ ಇಲ್ಲ. ಸಂಜೆ ಕಾಲು ಚಾಚಿ ಕೂತು, "ಅಂಗಾಲು ಉರೀತಿದೆ ಕಣೇ, ಇರುವೆ ಹರಿದ ಹಾಗಾಗುತ್ತೆ" ಎಂದು ಅಮ್ಮನಿಗೆ ಹೇಳುತ್ತಿದ್ದ. ಅಮ್ಮ ಎಣ್ಣೆ ಸವರುತ್ತಿದ್ದಳು. ಒಂದು ಕಾಲಕ್ಕೆ ಉರಿ ನಿಂತೇಹೋಯಿತು.

"ನೋಡಿದ್ಯಾ? ತಾನಾಗೇ ವಾಸಿಯಾಯ್ತು" ಎಂದು ಅಪ್ಪ ಮೀಸೆ ತಿರುವಿದ. ನಾವೂ ಖುಷಿಪಟ್ಟೆವು.

ಆಮೇಲೆ ಶುರುವಾಯಿತು ನೋಡಿ ಕಾಟ. ಸುಟ್ಟ ಮಡಕೆಗಳನ್ನು ಹೊರತೆಗೆದಾಗಲೆಲ್ಲ ಅರ್ಧಕ್ಕರ್ಧ ಸೀಳಿರುತ್ತಿದ್ದವು. ಅಪ್ಪ ಮಣ್ಣನ್ನು ಬೈದ, ಸೌದೆ ತಂದವನನ್ನು ಬೈದ, ಜರಡಿ ಹಿಡಿದ ನನ್ನನ್ನೂ ಬಿಡಲಿಲ್ಲ.

"ತುಳಿದ ಮಣ್ಣಲ್ಲಿ ಕಲ್ಲಿಲ್ಲ. ಇದ್ದಿದ್ರೆ ನನ್ನ ಕಾಲಿಗೆ ಸಿಗ್ತಿರಲಿಲ್ವಾ?"

ನಾನು ಮತ್ತೆ ಜರಡಿ ಹಿಡಿದೆ.

ಒಂದು ಬೆಳಿಗ್ಗೆ ಅಪ್ಪ ತುಳಿಯುತ್ತಿದ್ದ ಮಣ್ಣಿನ ಮೇಲೆ ಕೆಂಪು ಕಲೆ ಕಂಡಿತು. ಓಡಿಹೋಗಿ ಅವನ ಕಾಲೆತ್ತಿ ನೋಡಿದೆ. ಅಂಗಾಲಿನಲ್ಲಿ ಗಾಜಿನ ಚೂರು ನೆಟ್ಟಿತ್ತು! "ಇದ್ಯಾವಾಗ ಚುಚ್ಕೊಳ್ತು?" ಎಂದ ಅಪ್ಪ. ಅವನ ಮುಖದಲ್ಲಿ ನೋವಿನ ಸುಳಿವೂ ಇರಲಿಲ್ಲ.

ಪಕ್ಕದ ಮನೆಯ ನರ್ಸಕ್ಕನನ್ನು ಕೂಗಿದೆ. ಆಕೆ ಬಂದು, ಚೂರನ್ನು ಕೀಳದೆ ಸುತ್ತಲೂ ಶುದ್ಧ ಬಟ್ಟೆ ಇಟ್ಟು ಕಟ್ಟಿದಳು. "ಮಾವ, ಈಗ್ಲೇ ಆಸ್ಪತ್ರೆಗೆ ಹೋಗೋಣ."

"ಇಷ್ಟಕ್ಕೆಲ್ಲ ಆಸ್ಪತ್ರೆನಾ? ನೋವೇ ಇಲ್ಲ ತಾಯಿ."

"ನೋವಿಲ್ಲ ಅನ್ನೋದೇ ನನಗೆ ಭಯ. ಇನ್ನೊಂದು ಕಾಲು ಕೊಡಿ, ಕಣ್ಮುಚ್ಚಿ. ಈ ನೈಲಾನ್ ಎಳೆ ತಾಗಿದಾಗ ಹೂಂ ಅನ್ನಿ."

ಅಪ್ಪ ಕಣ್ಮುಚ್ಚಿದ. ಪಾದದ ಸ್ಪರ್ಶ ನೋಡಲೆಂದೇ ಚೀಲದಲ್ಲಿ ಇಟ್ಟುಕೊಂಡಿದ್ದ ಆ ಎಳೆಯನ್ನು ಆಕೆ ಹೆಬ್ಬೆರಳಿಗೆ ಒತ್ತಿದಳು, ಬೆರಳುಗಳ ಬುಡಕ್ಕೆ ಒತ್ತಿದಳು, ಕಿರುಬೆರಳಿಗೂ ಒತ್ತಿದಳು. ಅಮ್ಮನೂ ನಾನೂ ನೋಡುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, "ಎಷ್ಟೊತ್ತಮ್ಮಾ? ಶುರು ಮಾಡು" ಎಂದ.

ಅಮ್ಮ ಅತ್ತುಬಿಟ್ಟಳು. ಅಪ್ಪ ಕಣ್ಣು ತೆರೆದು ನಮ್ಮೆಲ್ಲರ ಮುಖ ನೋಡಿದ.

"ಹಾಗಾದ್ರೆ ಮಣ್ಣಲ್ಲಿ ಕಲ್ಲು ಇತ್ತು" ಎಂದ, ಮೆಲ್ಲಗೆ.

"ಹೌದು ಮಾವ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ರೆ ಕಾಲಿನ ನರ ಹಾಳಾಗುತ್ತೆ. ಮೊದಲು ಉರಿ, ಜೋಮು. ಆಮೇಲೆ ಮುಟ್ಟಿದ್ದೂ ಗೊತ್ತಾಗಲ್ಲ. ನಿಮ್ಮ ಉರಿ ವಾಸಿಯಾಗಿರಲಿಲ್ಲ, ನರ ಸುದ್ದಿ ಹೇಳೋದನ್ನೇ ಬಿಟ್ಟಿತ್ತು. ಗಾಯ ಗೊತ್ತಾಗದೆ ಕೀವಾದ್ರೆ ಕಾಲನ್ನೇ ತೆಗೀಬೇಕಾಗಬಹುದು."

"ಹೋಗಿದ್ದು ವಾಪಸ್ ಬರುತ್ತಾ?"

"ಸುಳ್ಳು ಹೇಳಲ್ಲ, ಪೂರ್ತಿ ಬರೋದು ಕಷ್ಟ. ಸಕ್ಕರೆ ಹತೋಟಿಯಲ್ಲಿಟ್ರೆ ಇನ್ನಷ್ಟು ಹಾಳಾಗೋದನ್ನ ತಡೀಬಹುದು. ಕಾಲು ಉಳಿಸ್ಕೋಬಹುದು."

ಕಾಲೂರಬಾರದೆಂದು ಅಪ್ಪನನ್ನು ಮಡಕೆ ಸಾಗಿಸುವ ತಳ್ಳುಗಾಡಿಯಲ್ಲೇ ಕೂರಿಸಿದೆವು. "ಒಡಕು ಮಡಕೆ, ಹುಷಾರಾಗಿ ತಳ್ರಪ್ಪಾ" ಎಂದು ಆಗಲೂ ತಮಾಷೆ ಮಾಡಿದ. ನಗಲು ನಮ್ಮಿಂದಾಗಲಿಲ್ಲ.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಕಾಲು ಉಳಿಯಿತು. ಈಗ ಅಪ್ಪ ಮಾತ್ರೆ ತಪ್ಪಿಸುವುದಿಲ್ಲ, ಮನೆಯೊಳಗೂ ಬರಿಗಾಲಲ್ಲಿ ಓಡಾಡುವುದಿಲ್ಲ. ಷೂ ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡುತ್ತಾನೆ. ಕಾಲಿಗೆ ಹಾಕುವ ನೀರಿನ ಬಿಸಿಯನ್ನು ಅಮ್ಮ ಮೊಣಕೈ ಅದ್ದಿ ನೋಡುತ್ತಾಳೆ, ಬೆರಳ ಸಂದು ಒರೆಸುತ್ತಾಳೆ. ಎಣ್ಣೆ ಈಗಲೂ ಸವರುತ್ತಾಳೆ, ಸಂದಿಗೆ ಮಾತ್ರ ತಾಗಿಸುವುದಿಲ್ಲ. ಸಂಜೆಯಾದರೆ ಅಪ್ಪ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾನೆ. "ಮದುವೆ ದಿನ ಮುಖಾನೂ ಇಷ್ಟು ನೋಡ್ಕೊಂಡಿರಲಿಲ್ಲ" ಎಂದು ಅಮ್ಮ ರೇಗಿಸುತ್ತಾಳೆ.

ಮಣ್ಣು ತುಳಿಯುವುದು ಈಗ ನಾನು. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ಮೊನ್ನೆ ನನ್ನ ಹಿಮ್ಮಡಿಗೆ ಏನೋ ಚುರುಕ್ಕೆಂದಿತು. ಬಗ್ಗಿ ಕಲ್ಲನ್ನೆತ್ತಿ ಅವನ ಅಂಗೈಗೆ ಹಾಕಿದೆ. "ಸಿಕ್ಕಿಬಿದ್ದ ಕಳ್ಳ" ಎಂದವನ ಕಣ್ಣು ತುಂಬಿತ್ತು.

ಇದನ್ನು ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇರಬಹುದು. ಕಾಲು ಉರಿದರೆ, ಜೋಮು ಹಿಡಿದರೆ ವೈದ್ಯರಿಗೆ ಹೇಳಿ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಮಾಡಿಸಿ. ಸಣ್ಣ ಗಾಯವಾದರೂ ತಡಮಾಡದೆ ತೋರಿಸಿ. ಇವತ್ತು ಸಂಜೆ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿನಲ್ಲಿ ನೋಡಿ. ನೋವಿಲ್ಲ ಅಂದರೂ ನೋಡಿ.