ಸಾಯುವ ಪಾತ್ರ ಅಕ್ಕನದು

ಮನೆಗೆ ನೆಂಟರು ಬಂದರೆ ಟೀ ಬರುವ ಮೊದಲೇ ಒಂದು ಕೊಲೆ ಆಗಿಬಿಡಬೇಕು. ಅದು ಆ ದರ್ಜಿಯ ಮನೆಯ ಪದ್ಧತಿ. "ಮರಿ, ಅದೊಂದು ಮಾಡಿ ತೋರ್ಸೋ" ಎಂದು ಅಜ್ಜಿ ಹೇಳಿದ್ದೇ ತಡ, ಕಿರಿಮಗ ಅಪ್ಪನ ಅಳತೆಕೋಲು ಎತ್ತಿಕೊಂಡು, ಫೋನಿನಲ್ಲಿ ನೋಡಿದ ಖಳನಾಯಕನ ಹಾಗೆ ಭುಜ ಕುಣಿಸುತ್ತ ಬಂದು ಅಕ್ಕನ ಕುತ್ತಿಗೆಗೆ ಹಿಡಿಯುತ್ತಿದ್ದ. ಅಕ್ಕ ಧೊಪ್ಪನೆ ಬೀಳಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಸೋದರಮಾವ ಅದನ್ನು ಫೋನಿನಲ್ಲಿ ಹಿಡಿದು ಹತ್ತು ಜನಕ್ಕೆ ಕಳಿಸಬೇಕು.

ಶುರುವಾದಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಅವಳು ಒಂದು ಗಳಿಗೆ ಹೆಚ್ಚು ಮಲಗಿದ್ದರೆ ಸಾಕು, ಕೋಲು ಬಿಸಾಡಿ ಬಂದು "ಏಳಕ್ಕಾ, ಏಳಕ್ಕಾ" ಎಂದು ಅಳುತ್ತಿದ್ದ. ಆ ಒಂದು ಅಳುವಿಗಾಗಿಯೇ ಅವಳು ಖುಷಿಯಿಂದ ಸಾಯುತ್ತಿದ್ದಳು.

ಎಂಟು ವರ್ಷ ಕಳೆಯಿತು. ಹುಡುಗನಿಗೆ ಊಟಕ್ಕೂ ಫೋನು, ಹಾಸಿಗೆಗೂ ಫೋನು. ಸಿನಿಮಾದ ಹೊಡೆದಾಟ ಸಪ್ಪೆಯಾಗಿ, ಬೀದಿಯಲ್ಲಿ ನಿಜವಾಗಿ ಹೊಡೆತ ತಿನ್ನುವವರ ವಿಡಿಯೋಗಳು ಬಂದವು. ಅಕ್ಕ ಈಗ ಮನೆಯ ಮುಂಭಾಗದ ಅಪ್ಪನ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹೊಲಿಯುತ್ತಿದ್ದಳು. ಅವಳ ಬೆರಳಿನ ಕೆಲಸಕ್ಕೇ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರು. ಒಂದು ದಿನ ಸೂಜಿ ಕೆಳಗಿಟ್ಟು ಅಪ್ಪನಿಗೆ ಹೇಳಿದಳು.

"ಅಪ್ಪಾ, ನಾನು ಬಿದ್ಮೇಲೆ ಅವನು ನನ್ನ ಕಡೆ ನೋಡೋದೇ ಇಲ್ಲ. ವಿಡಿಯೋ ಹೇಗೆ ಬಂತು ಅಂತ ನೋಡ್ತಾನೆ. ನಂಗೆ ಭಯ ಆಗತ್ತೆ. ಆ ಫೋನು ಕಿತ್ಕೋ."

"ಹುಡುಗಾಟ ಕಣೆ. ಆಟದಲ್ಲಿ ಯಾರಾದ್ರೂ ಸಾಯ್ತಾರಾ?"

"ಗಂಡುಮಗು, ಸ್ವಲ್ಪ ಖಾರ ಇರ್ಲಿ ಬಿಡು" ಎಂದು ಅಜ್ಜಿ ಒಳಗಿನಿಂದಲೇ ತೀರ್ಪು ಕೊಟ್ಟಳು. ಖಾರ ಬೇಕಂತೆ! ಕೋತಿಗೆ ಹೆಂಡ ಕುಡಿಸಿದವರು ಕೋತಿಯ ಕುಣಿತ ನೋಡಿ ನಗುತ್ತಲೇ ಇರುತ್ತಾರೆ, ಅದು ತಮ್ಮ ಮೈಮೇಲೆ ಎರಗುವವರೆಗೆ.

ಮುಂದಿನ ಭಾನುವಾರ ನೆಂಟರು ಬಂದರು. ಅಳತೆಕೋಲು ಕುತ್ತಿಗೆಗೆ ಬಂತು. ಅಕ್ಕ ಬೀಳಲಿಲ್ಲ.

"ಸಾಕು ಮರಿ, ಇನ್ಮೇಲೆ ನಾನು ಸಾಯಲ್ಲ."

ನೆಂಟರು ಗೊಳ್ಳೆಂದು ನಕ್ಕರು. "ಏನಪ್ಪಾ ರೌಡಿ, ಸ್ವಂತ ಅಕ್ಕನೇ ಹೆದರಲ್ವಲ್ಲೋ!" ಎಂದು ಮಾವ ಫೋನು ಹಿಡಿದುಕೊಂಡೇ ಕೆಣಕಿದ. ಹುಡುಗನ ಮುಖ ಕೆಂಪಾಯಿತು. ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ದೊಡ್ಡ ಕತ್ತರಿ ಇತ್ತು; ಅದನ್ನೆತ್ತಿಕೊಂಡು ಎರಗಿದ. ಅಕ್ಕ ಅಡ್ಡ ಹಿಡಿದದ್ದು ಬಲಗೈ.

ರಕ್ತ ಕಂಡ ಮೇಲೂ ಮಾವನ ಫೋನು ಕೆಳಗಿಳಿಯಲಿಲ್ಲ. ಕೈಗೆ ಬಟ್ಟೆ ಸುತ್ತುತ್ತ ಅಜ್ಜಿ ಅಂದಳು: "ಬಿದ್ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಆಸ್ಪತ್ರೆಯ ದಾರಿಯುದ್ದಕ್ಕೂ ಅಪ್ಪ ಅವಳ ಕಿವಿಯಲ್ಲಿ ಪಿಸುಗುಟ್ಟಿದ: "ಕತ್ತರಿ ಜಾರ್ತು ಅನ್ನು. ಅವನ ಬಾಳು ಹಾಳಾಗತ್ತೆ."

ಅವಳ ಬಾಳಿನ ಮಾತು ಯಾರೂ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆರಳು ಮಡಿಸಲು ಹೇಳಿದರು. ಎರಡು ಬೆರಳು ಮಡಚಿಕೊಳ್ಳಲಿಲ್ಲ. "ಹೇಗಾಯ್ತಮ್ಮ?"

"ಕತ್ತರಿ ಜಾರ್..." ಎಂದು ಅಪ್ಪ ಬಾಯಿ ತೆರೆದ.

"ಇಲ್ಲ ಡಾಕ್ಟರೇ" ಎಂದಳು ಅಕ್ಕ. "ನನ್ನ ತಮ್ಮ ಇರಿದ. ಬರ್ಕೊಳ್ಳಿ. ಕಲಿಸಿದೋರು ನಾವೆಲ್ಲ. ಇವರು ಎಂಟು ವರ್ಷ ಚಪ್ಪಾಳೆ ತಟ್ಟಿದ್ರು, ನಾನು ಎಂಟು ವರ್ಷ ಬಿದ್ದೆ. ಮುಚ್ಚಿಟ್ರೆ ಅವನು ನಾಳೆ ಇನ್ನೊಬ್ಬರ ಮನೆ ಮಗೂನ ಬೀಳಿಸ್ತಾನೆ. ಅವನಿಗೂ ಔಷಧಿ ಬೇಕು."

ಡಾಕ್ಟರಮ್ಮ ಬರೆಯತೊಡಗಿದರು.

ಹಿಂದೆಯೇ ಬಂದಿದ್ದ ಹುಡುಗ ಬಾಗಿಲ ಬಳಿ ಬರಿಗೈಯಲ್ಲಿ ನಿಂತಿದ್ದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಆ ಹಳೆಯ ಮಾತು ಬಂತು.

"ಏಳಕ್ಕಾ..."

ಅಕ್ಕ ಆಸ್ಪತ್ರೆಯ ಮಂಚದ ಮೇಲೆ ಅವನನ್ನೇ ನೋಡುತ್ತ ಮಲಗಿದ್ದಳು. ಈ ಸಲ ಏಳಲಿಲ್ಲ.